ಮೇಷ್ಟ್ರ ಸಾಲ, ತಿಂಗಳಿಗೆ 60 ಡಾಲರ್

ಕಳೆದ ಸೆಮ್‌ನಲ್ಲಿ ನಮ್ಮ ಹಾಸ್ಟೆಲ್ ಫ್ಲೋರ್‌ನಲ್ಲಿ ನಡೆದ ಒಂದು ಸಂಗತಿಯನ್ನ ಮೊದಲೇ ಹೇಳಿಬಿಡ್ತೀವಿ. ಈ ಲೇಖನ ಹುಟ್ಟಿದ್ದೇ ಅಲ್ಲಿಂದ. ನಾವು ನಾಲ್ಕು ಜನ ಸೇರಿ ಮೊಬೈಲ್‌ನಲ್ಲಿ ಚಾರ್ಟ್ ನೋಡೋದು, ಷೇರು ಬಗ್ಗೆ ವಿಡಿಯೋ ನೋಡೋದು ಅಭ್ಯಾಸ ಮಾಡ್ಕೊಂಡಿದ್ವಿ. ಎರಡು ಸಲ ಸ್ವಲ್ಪ ದುಡ್ಡು ಬಂತು. ಅಷ್ಟಕ್ಕೇ ತಜ್ಞರಾಗಿಬಿಟ್ವಿ. ಪಕ್ಕದ ರೂಮಿನ ಗೆಳೆಯ ಸಲಹೆ ಕೇಳಿದ, ಕೊಟ್ವಿ. ಮೆಸ್ ಫೀಸ್ ಕಟ್ಟೋಕೆ ಅಂತ ಮನೆಯಿಂದ ಕಳಿಸಿದ್ದ 11,000 ರೂಪಾಯಿಯನ್ನ ಅವನು ನಾವು ಹೇಳಿದ ಆಪ್ಷನ್‌ಗೆ ಹಾಕಿದ. ಮಧ್ಯಾಹ್ನದ ಲ್ಯಾಬ್ ಮುಗಿಸಿ ಬರೋ ಹೊತ್ತಿಗೆ 900 ಉಳಿದಿತ್ತು. ಮಾರ್ಕೆಟ್ ಅಂದ್ಮೇಲೆ ರಿಸ್ಕ್ ಇದ್ದೇ ಇರತ್ತೆ ಮಗಾ ಅಂತ ಹೇಳಿ ನಾವು ಟೀ ಕುಡಿಯೋಕೆ ಹೋದ್ವಿ.

ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ ಮೂರು ವರ್ಷದಲ್ಲಿ 93% ಜನ ದುಡ್ಡು ಕಳೆದುಕೊಂಡಿದ್ದಾರೆ ಅಂತ ಸೆಬಿ 2024ರಲ್ಲೇ ಲೆಕ್ಕ ಕೊಟ್ಟಿದೆ. ನಾವು ಅದನ್ನ ಓದಿದ್ದು ಆಮೇಲೆ.

ನಮ್ಮ ಪತ್ರಿಕೆಯ ಈ ಅಂಕಣದಲ್ಲಿ ವಿಶ್ವೇಶ್ವರಯ್ಯ, ರಾಮಾನುಜನ್, ಟೆಸ್ಲಾ ಬಂದೇ ಬರ್ತಾರೆ. ಈ ಸಲ ಷೇರುಪೇಟೆಯವರೊಬ್ಬರ ಜೀವನ ಬರೀತೀವಿ ಅಂದಾಗ ಕ್ಲಬ್‌ನ ಸೀನಿಯರ್ಸ್ ಮುಖ ಸ್ವಲ್ಪ ಗಂಟಾಯ್ತು. ಆದರೆ ಪ್ಲೇಸ್‌ಮೆಂಟ್ ಸೀಸನ್ ಬಂದ್ರೆ ನಮ್ಮಲ್ಲಿ ಎಷ್ಟು ಜನ ಫೈನಾನ್ಸ್ ಕಡೆ ಹೊರಳ್ತಾರೆ ಅಂತ ಅವರಿಗೂ ಗೊತ್ತು. ಹೂಡಿಕೆ ಸಲಹೆಗಾರ ಅನ್ನೋ ಉದ್ಯೋಗಕ್ಕೆ ಪಠ್ಯಪುಸ್ತಕ, ಪರೀಕ್ಷೆ, ಒಂದು ಮಟ್ಟದ ಮರ್ಯಾದೆ, ಈ ಮೂರೂ ಬಂದಿದ್ದರಲ್ಲಿ ಒಬ್ಬ ಮನುಷ್ಯನ ಪಾಲು ದೊಡ್ಡದು. ಹೆಸರು ಬೆಂಜಮಿನ್ ಗ್ರಹಾಂ.

ಹುಟ್ಟಿದಾಗ ಅವನ ಹೆಸರು ಬೆಂಜಮಿನ್ ಗ್ರಾಸ್‌ಬಾಮ್. (ಸದ್ಯಕ್ಕೆ ಏಕವಚನ. ಕಥೆಯ ಈ ಭಾಗದಲ್ಲಿ ಅವನು ನಮಗಿಂತ ಚಿಕ್ಕವನು.) 1894ರ ಮೇ 9ರಂದು ಲಂಡನ್‌ನಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದ. ಒಂದು ವರ್ಷ ತುಂಬೋ ಹೊತ್ತಿಗೆ ಸಂಸಾರ ನ್ಯೂಯಾರ್ಕ್‌ಗೆ ಬಂತು. ಅಪ್ಪನದು ಪಿಂಗಾಣಿ ಸಾಮಾನು ಆಮದು ಮಾಡುವ ವ್ಯಾಪಾರ, ಚೆನ್ನಾಗೇ ನಡೀತಿತ್ತು. 1903ರಲ್ಲಿ, ಮೂವತ್ತೈದನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ಮೂರು ಗಂಡುಮಕ್ಕಳಲ್ಲಿ ಬೆನ್ ಕೊನೆಯವನು. ವ್ಯಾಪಾರ ಮುಳುಗಿತು. ಅಮ್ಮ ಮನೆಯಲ್ಲೇ ಬಾಡಿಗೆಗೆ ಜನರನ್ನಿಟ್ಟುಕೊಂಡು ಊಟ ಹಾಕುವ ಬೋರ್ಡಿಂಗ್ ಶುರು ಮಾಡಿದರು, ಅದೂ ಕೈಹಿಡಿಯಲಿಲ್ಲ.

ಆಮೇಲೆ ಅವರು ಮಾಡಿದ್ದು ನಮಗೆ ತೀರಾ ಪರಿಚಿತ ಅನ್ನಿಸಿತು. ಉಳಿದಿದ್ದ ದುಡ್ಡಲ್ಲಿ ಯುಎಸ್ ಸ್ಟೀಲ್ ಕಂಪನಿಯ ಷೇರು ಕೊಂಡರು, ಅದೂ ಮಾರ್ಜಿನ್ ಮೇಲೆ. ಮಾರ್ಜಿನ್ ಅಂದ್ರೆ ಸ್ವಲ್ಪ ದುಡ್ಡು ನಮ್ಮದು, ಉಳಿದಿದ್ದು ಬ್ರೋಕರ್ ಕೊಡೋ ಸಾಲ. ಬೆಲೆ ಏರಿದ್ರೆ ಲಾಭ ದೊಡ್ಡದಾಗತ್ತೆ. ಇಳಿದ್ರೆ ಬ್ರೋಕರ್ ಇನ್ನಷ್ಟು ದುಡ್ಡು ಕೇಳ್ತಾನೆ, ಕೊಡೋಕಾಗದಿದ್ರೆ ಷೇರು ಮಾರಿ ತನ್ನ ಸಾಲ ವಾಪಸ್ ಪಡೀತಾನೆ. ದಿನಾ ಪೇಪರ್ ತೆರೆದು ಯುಎಸ್ ಸ್ಟೀಲ್ ಬೆಲೆ ಎಷ್ಟಾಯ್ತು ಅಂತ ನೋಡೋದು ಆ ಹುಡುಗನ ಕೆಲಸವಾಗಿತ್ತು. 1907ರಲ್ಲಿ ಪೇಟೆ ಕುಸಿದು ಅಮ್ಮನ ಖಾತೆ ಪೂರ್ತಿ ಒರೆಸಿಹೋಯ್ತು. ಅಮ್ಮ ಕೊಟ್ಟ ಚೆಕ್ ಹಿಡಿದು ಬ್ಯಾಂಕಿಗೆ ಹೋದಾಗ, ಈ ಹೆಂಗಸಿನ ಖಾತೆಗೆ ಐದು ಡಾಲರ್ ಕೊಡಬಹುದಾ ಅಂತ ಗುಮಾಸ್ತ ಇನ್ನೊಬ್ಬನನ್ನ ಕೇಳಿದ್ದು ಹುಡುಗನ ಕಿವಿಗೆ ಬಿತ್ತು. ವಯಸ್ಸಾದ ಮೇಲೂ ಅದು ಅವನಿಗೆ ಮರೆಯಲಿಲ್ಲ.

ಓದಿನಲ್ಲಿ ಮಾತ್ರ ಅವನನ್ನ ಹಿಡಿಯೋಕೆ ಆಗ್ತಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್‌ಗೆ ಪರೀಕ್ಷೆ ಬರೆದ, ಸಿಗಲಿಲ್ಲ. ಸಣ್ಣಪುಟ್ಟ ಕೆಲಸ ಮಾಡ್ಕೊಂಡು ಒಂದು ವರ್ಷ ಕಳೆದು ಮತ್ತೆ ಅರ್ಜಿ ಹಾಕಿದಾಗ ಗೊತ್ತಾಗಿದ್ದೇನು ಅಂದ್ರೆ, ಹಿಂದಿನ ವರ್ಷ ಅವನೇ ಗೆದ್ದಿದ್ದ! ಅದೇ ಗ್ರಾಸ್‌ಬಾಮ್ ಹೆಸರಿನ ಅವನ ಕಸಿನ್ ಒಬ್ಬ ಅಲ್ಲೇ ಸ್ಕಾಲರ್‌ಶಿಪ್‌ನಲ್ಲಿ ಓದ್ತಿದ್ದ, ಕಚೇರಿಯವರು ಇಬ್ಬರನ್ನೂ ಒಬ್ಬನೇ ಅಂದ್ಕೊಂಡಿದ್ರು. ಕಾಲೇಜು ಆಫೀಸು ಅಂದ್ರೆ ನೂರು ವರ್ಷದ ಹಿಂದೆಯೂ ಕಾಲೇಜು ಆಫೀಸೇ.

ಓದುವಾಗಲೇ ಒಂದು ಪಾರ್ಸೆಲ್ ಕಂಪನಿಯಲ್ಲಿ ದುಡಿದ. ಸಾಗಣೆ ದರಗಳ ಲೆಕ್ಕ ಹಾಕೋಕೆ ಅಲ್ಲಿ ಹಾಲರಿತ್ ಪಂಚ್ ಕಾರ್ಡ್ ಯಂತ್ರಗಳಿದ್ದವು. ಐಬಿಎಂನ ಬೇರು ಅಲ್ಲೇ ಇರೋದು, ಸಿಎಸ್ ಬ್ರಾಂಚ್‌ನವರು ಗಮನಿಸಿ. ಇಷ್ಟೆಲ್ಲ ಮಾಡಿಯೂ 1914ರಲ್ಲಿ ತರಗತಿಗೆ ಎರಡನೆಯವನಾಗಿ ಪದವಿ ಪಡೆದ. ತತ್ವಶಾಸ್ತ್ರ, ಗಣಿತ, ಇಂಗ್ಲಿಷ್, ಮೂರು ವಿಭಾಗದವರೂ ನಮ್ಮಲ್ಲಿ ಪಾಠ ಮಾಡೋಕೆ ಬಾ ಅಂತ ಕರೆದರು. ಆಗ ಅವನಿಗೆ ಇಪ್ಪತ್ತು. ಮನೆಯಲ್ಲಿ ದುಡ್ಡಿಲ್ಲ, ಮೇಷ್ಟ್ರ ಸಂಬಳ ಕಡಿಮೆ. ಡೀನ್ ಸಲಹೆಯಂತೆ ವಾಲ್ ಸ್ಟ್ರೀಟ್ ದಾರಿ ಹಿಡಿದ.

ಸೇರಿದ್ದು ನ್ಯೂಬರ್ಗರ್, ಹೆಂಡರ್ಸನ್ ಅಂಡ್ ಲೋಬ್ ಅನ್ನೋ ಬ್ರೋಕರ್ ಸಂಸ್ಥೆಗೆ. ವಾರಕ್ಕೆ 12 ಡಾಲರ್ ಸಂಬಳ. ಕೆಲಸ ಕಾಗದಪತ್ರ ಹೊತ್ತು ಓಡಾಡೋದು, ಕಪ್ಪು ಹಲಗೆ ಮೇಲೆ ಬಾಂಡುಗಳ ಬೆಲೆ ಬರೆಯೋದು. ಸೇರಿದ ಸ್ವಲ್ಪ ದಿನಕ್ಕೇ ಮೊದಲ ಮಹಾಯುದ್ಧ ಶುರುವಾಗಿ ನ್ಯೂಯಾರ್ಕ್ ಷೇರುಪೇಟೆ ತಿಂಗಳುಗಟ್ಟಲೆ ಬಾಗಿಲು ಹಾಕಿತು. ಬಾಂಡ್ ಮಾರಾಟಕ್ಕೆ ಹಾಕಿದ್ರು, ಅದು ಅವನಿಗೆ ಬರಲಿಲ್ಲ. ಗಿರಾಕಿಗೆ ಮಾತಾಡಿ ಒಪ್ಪಿಸೋ ಬದಲು ಕಂಪನಿಗಳ ವಾರ್ಷಿಕ ವರದಿ ಓದ್ತಾ ಕೂರ್ತಿದ್ದ. ಮಿಸೌರಿ ಪೆಸಿಫಿಕ್ ರೈಲ್ವೆಯ ಬಾಂಡುಗಳು ಸುರಕ್ಷಿತವಲ್ಲ ಅಂತ ಬರೆದ ವರದಿಯೊಂದು ಬೇರೆ ಸಂಸ್ಥೆಯವರ ಕೈಗೆ ಸಿಕ್ಕಿ ಅವರು ಕೆಲಸಕ್ಕೆ ಕರೆದರು. ಇವರು ಬಿಡದೆ ಸಂಬಳ ಏರಿಸಿ, ಅವನಿಗಾಗೇ ಅಂಕಿಅಂಶ ವಿಭಾಗ ತೆರೆದರು. ಆ ಕಾಲದಲ್ಲಿ ಷೇರು ಕೊಳ್ಳೋದು ಅಂದ್ರೆ ಗಾಳಿಮಾತು, ಒಳಸುದ್ದಿ, ಯಾರು ಕೊಳ್ತಿದ್ದಾರೆ ಅನ್ನೋ ಪಿಸುಪಿಸು. ಲೆಕ್ಕಪತ್ರ ಬಿಡಿಸಿ ನೋಡೋರು ಕಡಿಮೆ.

ಲೆಕ್ಕ ನೋಡಿದ್ರೆ ಏನು ಸಿಗತ್ತೆ ಅನ್ನೋದಕ್ಕೆ 1915ರ ಗುಗ್ಗೆನ್‌ಹೈಮ್ ಎಕ್ಸ್‌ಪ್ಲೊರೇಶನ್ ಒಳ್ಳೆ ಉದಾಹರಣೆ. ಈ ಕಂಪನಿಯ ಕೈಯಲ್ಲಿ ಬೇರೆ ತಾಮ್ರದ ಗಣಿ ಕಂಪನಿಗಳ ಷೇರುಗಳಿದ್ದವು. ಕಂಪನಿ ಮುಚ್ಚಿ ಅವನ್ನೆಲ್ಲ ಹಂಚೋ ಯೋಜನೆ ಬಂತು. ಗುಗ್ಗೆನ್‌ಹೈಮ್‌ನ ಒಂದು ಷೇರಿಗೆ ಪೇಟೆ ಬೆಲೆ 68.88 ಡಾಲರ್. ಅದರೊಳಗಿರೋ ಸ್ವತ್ತು ಕೂಡಿಸಿದ್ರೆ 76.23. ಇದನ್ನ ಕೊಂಡು, ಅದೇ ಹೊತ್ತಿಗೆ ಒಳಗಿರೋ ಆ ಗಣಿ ಕಂಪನಿಗಳ ಷೇರು ಮಾರಿಟ್ಟರೆ ಪೇಟೆ ಏರಲಿ ಇಳಿಯಲಿ, ನಡುವಿನ ಏಳು ಡಾಲರ್ ಚಿಲ್ಲರೆ ನಮ್ಮದು. ಯೋಜನೆ ನಿಂತುಹೋದ್ರೆ ಮಾತ್ರ ಪೆಟ್ಟು. ನಿಲ್ಲಲಿಲ್ಲ.

ಹೆಸರು ಬಂತು. ಕಾಲೇಜಲ್ಲಿ ಅವನಿಗೆ ಇಂಗ್ಲಿಷ್ ಪಾಠ ಮಾಡಿದ್ದ ಆಲ್ಜರ್ನಾನ್ ಟ್ಯಾಸಿನ್ ಅನ್ನೋ ಮೇಷ್ಟ್ರು ಹುಡುಕಿಕೊಂಡು ಬಂದು ತಮ್ಮ 10,000 ಡಾಲರ್ ಅವನ ಕೈಗೆ ಕೊಟ್ಟರು. ಲಾಭವೂ ಅರ್ಧ ಅರ್ಧ, ನಷ್ಟವೂ ಅರ್ಧ ಅರ್ಧ. ಮೊದಲ ವರ್ಷ ಒಳ್ಳೆ ಲಾಭ. ತನ್ನ ಪಾಲಿನ ಲಾಭ ತೆಗೆದು ಬೆನ್ ಅಣ್ಣನ ಜೊತೆ ಗ್ರಾಮಫೋನ್ ಅಂಗಡಿಗೆ ಹಾಕಿದ. ಅಂಗಡಿ ನಡೆಯಲಿಲ್ಲ. ಅಷ್ಟರಲ್ಲಿ ಪೇಟೆ ಇಳಿಯಿತು. ಮೇಷ್ಟ್ರ ಖಾತೆಯೂ ಮಾರ್ಜಿನ್ ಖಾತೆಯೇ! ಅಮ್ಮನ ದುಡ್ಡು ಹೋಗಿದ್ದನ್ನ ಕಣ್ಣಾರೆ ಕಂಡ ಹುಡುಗ ಹತ್ತು ವರ್ಷದ ಮೇಲೆ ಮೇಷ್ಟ್ರ ದುಡ್ಡನ್ನ ಅದೇ ದಾರಿಯಲ್ಲಿ ಕಳೆದ. ಬ್ರೋಕರ್ ಸಾಲದ ಬಾಬ್ತು ಕೇಳಿದಾಗ ಷೇರುಗಳನ್ನ ನಷ್ಟಕ್ಕೇ ಮಾರಬೇಕಾಯ್ತು. ತನ್ನ ಪಾಲಿನ ನಷ್ಟ ತುಂಬೋಕೆ ಅವನ ಹತ್ತಿರ ದುಡ್ಡಿಲ್ಲ, ಅದು ಗ್ರಾಮಫೋನ್ ಅಂಗಡಿಯಲ್ಲಿ ಸಿಕ್ಕಿಕೊಂಡಿತ್ತು. ಆ ದಿನಗಳಲ್ಲಿ ಬೀದಿ ಬೀದಿ ಅಲೆಯುತ್ತಾ ಜೀವ ಕಳ್ಕೊಳ್ಳೋ ಯೋಚನೆಯೂ ಬಂದಿತ್ತಂತೆ.

ಕೊನೆಗೆ ಹೋಗಿ ಮೇಷ್ಟ್ರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ. ತಿಂಗಳಿಗೆ 60 ಡಾಲರ್‌ನಂತೆ ತೀರಿಸ್ತೀನಿ ಅಂದ. ಮೇಷ್ಟ್ರು ಒಪ್ಪಿದರು. ಎರಡು ವರ್ಷ ಕಟ್ಟಿದ. ಆಮೇಲೆ ಖಾತೆ ಚೇತರಿಸಿಕೊಂಡು ಇಬ್ಬರಿಗೂ ಲಾಭ ತಂದಿತು ಅನ್ನೋದು ಬೇರೆ ವಿಷಯ.

ಇದನ್ನ ಓದಿದ ರಾತ್ರಿ ನಾವು ನಾಲ್ಕೂ ಜನ ಜಾಸ್ತಿ ಮಾತಾಡಲಿಲ್ಲ. ನಮ್ಮ ಗೆಳೆಯ ಆ ತಿಂಗಳು ರಾತ್ರಿ ಊಟಕ್ಕೆ ಮೆಸ್‌ಗೆ ಬರ್ತಿರಲಿಲ್ಲ, ರೂಮಲ್ಲೇ ಏನೋ ಮಾಡ್ಕೋತಿದ್ದ. ನಾವದನ್ನ ನೋಡಿಯೂ ನೋಡದ ಹಾಗೆ ಇದ್ವಿ. 11,000ದಲ್ಲಿ 900 ಕಳೆದ್ರೆ 10,100. ತಲಾ 250 ಹಾಕಿದ್ರೆ ತಿಂಗಳಿಗೆ 1,000, ಹತ್ತು ತಿಂಗಳಲ್ಲಿ ಹೆಚ್ಚುಕಮ್ಮಿ ಮುಗಿಯತ್ತೆ. ಅವನು ಬೇಡ್ವೋ ಅಂದ. ಇಷ್ಟರಲ್ಲಿ ಮೂರು ಕಂತು ಆಗಿದೆ, ಇಂಟರ್ನಲ್ಸ್ ತಿಂಗಳಲ್ಲಿ ಒಂದು ತಪ್ಪಿಸಿದ್ದೀವಿ.

ಇರ್ಲಿ, ಕಥೆಗೆ ಬರೋಣ. ಯುದ್ಧದ ಕಾಲದಲ್ಲಿ ಜರ್ಮನ್ ಥರ ಕೇಳಿಸುವ ಹೆಸರು ತೊಂದರೆ ಅಂತ ಕುಟುಂಬ ಗ್ರಾಸ್‌ಬಾಮ್ ಬಿಟ್ಟು ಗ್ರಹಾಂ ಆಯ್ತು. 1920ರಲ್ಲಿ ಅದೇ ಸಂಸ್ಥೆಯಲ್ಲಿ ಪಾಲುದಾರ. 1923ರಲ್ಲಿ ಹೊರಗೆ ಬಂದು ತನ್ನದೇ ವ್ಯವಹಾರ. 1926ರಲ್ಲಿ ಬೆಂಜಮಿನ್ ಗ್ರಹಾಂ ಜಾಯಿಂಟ್ ಅಕೌಂಟ್ ಶುರುವಾಯ್ತು, ಸ್ವಲ್ಪದರಲ್ಲೇ ಜೆರೋಮ್ ನ್ಯೂಮನ್ ಜೊತೆಯಾದರು. ಇದರಲ್ಲಿ ಗ್ರಹಾಂಗೆ ಸಂಬಳ ಇಲ್ಲ. ಲಾಭ ಬಂದ್ರೆ ಅದರಲ್ಲೊಂದು ಪಾಲು, ಅಷ್ಟೇ. ಈ ಷರತ್ತು ನೆನಪಿಟ್ಟುಕೊಳ್ಳಿ.

ಅದೇ 1926ರಲ್ಲಿ ಒಂದು ದಿನ ರೈಲ್ವೆ ಕಂಪನಿಗಳ ಸರ್ಕಾರಿ ವರದಿ ತಿರುವಿ ಹಾಕುವಾಗ, ತೈಲ ಪೈಪ್‌ಲೈನ್ ಕಂಪನಿಗಳೂ ಸರ್ಕಾರಕ್ಕೆ ಇಂಥ ವಿವರ ಸಲ್ಲಿಸುತ್ತವೆ ಅಂತ ಕಣ್ಣಿಗೆ ಬಿತ್ತು. ರಾಕ್‌ಫೆಲ್ಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ ಅನ್ನ 1911ರಲ್ಲಿ ಕೋರ್ಟ್ ಒಡೆದಾಗ ಹುಟ್ಟಿದ ಚಿಲ್ಲರೆ ಕಂಪನಿಗಳು ಇವು. ವಾಲ್ ಸ್ಟ್ರೀಟ್‌ನಲ್ಲಿ ಯಾರೂ ಆ ಕಡತ ನೋಡಿರಲಿಲ್ಲ. ಗ್ರಹಾಂ ವಾಷಿಂಗ್ಟನ್‌ಗೆ ರೈಲು ಹತ್ತಿ ಹೋಗಿ ಕಡತ ತೆಗೆಸಿ ಓದಿದರು. (ಇಲ್ಲಿಂದ ಬಹುವಚನ. ಇಷ್ಟು ಓದೋ ಮನುಷ್ಯನಿಗೆ ಏಕವಚನ ಬಾಯಿಗೆ ಬರ್ತಿಲ್ಲ.) ನಾರ್ದರ್ನ್ ಪೈಪ್‌ಲೈನ್ ಅನ್ನೋ ಕಂಪನಿಯ ಷೇರು ಪೇಟೆಯಲ್ಲಿ 65 ಡಾಲರ್‌ಗೆ ಸಿಗ್ತಿತ್ತು. ಕಂಪನಿ ಸುಮ್ಮನೆ ಇಟ್ಟುಕೊಂಡಿದ್ದ ರೈಲ್ವೆ ಬಾಂಡು ವಗೈರೆ ಲೆಕ್ಕ ಹಾಕಿದ್ರೆ ಷೇರೊಂದಕ್ಕೆ 95 ಡಾಲರ್. ಪೈಪ್‌ಲೈನ್ ಬೇರೆ ಉಚಿತ.

ಷೇರು ಕೊಂಡು ಆಡಳಿತದವರನ್ನ ಕೇಳಿದರು: ಬೇಡದ ದುಡ್ಡು ಷೇರುದಾರರಿಗೆ ಹಂಚಿ ಅಂತ. ಅವರು ಸೊಪ್ಪು ಹಾಕಲಿಲ್ಲ. 1927ರ ಜನವರಿಯ ಚಳಿಯಲ್ಲಿ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಅನ್ನೋ ಸಣ್ಣ ಊರಿಗೆ, ಕಂಪನಿಯ ವಾರ್ಷಿಕ ಸಭೆಗೆ ಹೋದರು. ತಮ್ಮ ಮಾತು ಮಂಡಿಸೋಕೆ ಎದ್ದರೆ, ಅನುಮೋದಿಸೋರು ಬೇಕು ಅಂದರು. ಇವರ ಪರ ಅಲ್ಲಿ ಒಬ್ಬನೂ ಇಲ್ಲ. ಎರಡು ನಿಮಿಷದಲ್ಲಿ ಸಭೆ ಮುಗಿಸಿ ಕಳಿಸಿದರು. ಮರುವರ್ಷ ಷೇರುದಾರರ ಮನೆಬಾಗಿಲು ತಟ್ಟಿ ಮತ ಸೇರಿಸ್ಕೊಂಡು, ವಕೀಲರನ್ನೂ ಕರ್ಕೊಂಡು ಹೋದರು. ನಿರ್ದೇಶಕ ಮಂಡಳಿಯಲ್ಲಿ ಎರಡು ಸ್ಥಾನ ಸಿಕ್ಕಿತು. ಕಂಪನಿ ಷೇರೊಂದಕ್ಕೆ 70 ಡಾಲರ್ ಹಂಚಿತು. ಆ ಎರಡು ಸಭೆಗಳ ನಡುವಿನ 1927ರಲ್ಲೇ ಅವರ ಮೊದಲ ಮಗ ನ್ಯೂಟನ್ ಮೆನಿಂಜೈಟಿಸ್‌ನಿಂದ ತೀರಿಕೊಂಡ. ಎಂಟು ವರ್ಷದ ಹುಡುಗ.

1928ರಿಂದ ಕೊಲಂಬಿಯಾದಲ್ಲಿ ಸಂಜೆ ಪಾಠ ಶುರು ಮಾಡಿದರು. ಹದಿನಾಲ್ಕು ವರ್ಷದ ಹಿಂದೆ ಬೇಡ ಅಂದಿದ್ದ ಮೇಷ್ಟ್ರ ಕೆಲಸ ಸುತ್ತಿ ಬಳಸಿ ವಾಪಸ್ ಬಂತು. ಡೇವಿಡ್ ಡಾಡ್ ಅನ್ನೋರು ಕೂತು ನೋಟ್ಸ್ ಬರ್ಕೊಂಡರು.

ನಂತರ 1929. ವರ್ಷದ ಶುರುವಿನಲ್ಲಿ ಗ್ರಹಾಂ ಅವರ ಖಾತೆಯಲ್ಲಿ 25 ಲಕ್ಷ ಡಾಲರ್ ಇತ್ತು. ಸೆಂಟ್ರಲ್ ಪಾರ್ಕ್ ಎದುರಿನ ಭಾರೀ ಅಪಾರ್ಟ್‌ಮೆಂಟ್‌ಗೆ ಬಾಡಿಗೆ ಹೋದರು. ಪೇಟೆ ಹುಚ್ಚೆದ್ದಿದೆ ಅಂತ ಅವರಿಗೆ ಗೊತ್ತಿತ್ತು, ತಮ್ಮ ಷೇರುಗಳು ಮಾತ್ರ ಅಗ್ಗ ಅನ್ನೋ ನಂಬಿಕೆಯೂ ಇತ್ತು. ಆ ನಂಬಿಕೆ ಮೇಲೆ ಸಾಲ ಮಾಡಿ ಕೊಂಡಿದ್ದರು. ಮೂರನೇ ಸಲ, ಅದೇ ಮಾರ್ಜಿನ್. ಆ ವರ್ಷ ಖಾತೆ 20% ಇಳಿಯಿತು. ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದದ್ದು 1932ರ ಜುಲೈಗೆ 41ಕ್ಕೆ ಬಂದು ನಿಂತಿತು. ನಡುವೆ 1930ರಲ್ಲಿ ಇನ್ನೇನು ಮೇಲೆ ಏಳತ್ತೆ ಅಂತ ಎಲ್ಲರಿಗೂ ಅನ್ನಿಸಿತ್ತು, ಗ್ರಹಾಂಗೂ ಅನ್ನಿಸಿತು, ಆ ಒಂದೇ ವರ್ಷ ಅರ್ಧ ದುಡ್ಡು ಹೋಯ್ತು. ನಾಲ್ಕು ವರ್ಷದಲ್ಲಿ ಒಟ್ಟು ನಷ್ಟ ಸುಮಾರು 70%.

ಆಗ ಎದುರಿಗೆ ಬಂತು ಆ ಷರತ್ತು. ಹಳೇ ನಷ್ಟ ಪೂರ್ತಿ ತುಂಬೋ ತನಕ ಗ್ರಹಾಂ ಮತ್ತು ನ್ಯೂಮನ್‌ಗೆ ಒಂದು ಪೈಸೆ ಸಿಗೋ ಹಾಗಿಲ್ಲ. ಹೊಸ ಖಾತೆ ತೆರೆದು ಹಳೇದನ್ನ ಕೈಬಿಟ್ಟಿದ್ದರೆ ಕೇಳೋರು ಇರಲಿಲ್ಲ, ಎಷ್ಟೋ ಜನ ಬಾಗಿಲು ಹಾಕಿ ಹೋದ ಕಾಲ ಅದು. ಇವರಿಬ್ಬರೂ ಐದು ವರ್ಷದ ಹತ್ತಿರ ಬಿಟ್ಟಿ ದುಡಿದರು. ದೊಡ್ಡ ಮನೆ ಬಿಟ್ಟರು. ಹೆಂಡತಿ ಹೇಜಲ್ ಮತ್ತೆ ಡ್ಯಾನ್ಸ್ ಪಾಠ ಹೇಳೋಕೆ ಹೋದರು. ಗ್ರಹಾಂ ಪಾಠ ಮಾಡಿ, ಲೇಖನ ಬರೆದು, ಕೋರ್ಟಿನಲ್ಲಿ ಕಂಪನಿಗಳ ಬೆಲೆ ಕಟ್ಟಿ ಹೇಳಿ ಸಂಸಾರ ತೂಗಿಸಿದರು. 1935ರ ಕೊನೆಗೆ ನಷ್ಟ ತುಂಬಿತು. ಮೇಷ್ಟ್ರಿಗೆ ಕಟ್ಟಿದ ತಿಂಗಳ ಕಂತೇ ದೊಡ್ಡದಾಗಿ ಬೆಳೆದ ಹಾಗೆ ನಮಗೆ ಕಂಡಿತು.

ಅವರ ಮುಖ್ಯ ಪುಸ್ತಕ ಬಂದಿದ್ದು ಈ ನಡುವೆಯೇ. 1934ರಲ್ಲಿ ಗ್ರಹಾಂ ಮತ್ತು ಡಾಡ್ ಬರೆದ ಸೆಕ್ಯುರಿಟಿ ಅನಾಲಿಸಿಸ್, ಏಳುನೂರು ಪುಟ ದಾಟಿದ ಗ್ರಂಥ. (ಅದೇ ವರ್ಷ ಅವರು ಬರೆದ ನಾಟಕವೊಂದು ಬ್ರಾಡ್‌ವೇಯಲ್ಲಿ ನಾಲ್ಕೇ ಪ್ರದರ್ಶನಕ್ಕೆ ನಿಂತುಹೋಯ್ತು. ಪಾಪ.) 1949ರಲ್ಲಿ ಸಾಮಾನ್ಯರಿಗಾಗಿ ದಿ ಇಂಟೆಲಿಜೆಂಟ್ ಇನ್ವೆಸ್ಟರ್. ನಮ್ಮ ಲೈಬ್ರರಿಯಲ್ಲಿ ಎರಡನೆಯದು ಇದೆ, ಮ್ಯಾನೇಜ್‌ಮೆಂಟ್ ರ್‍ಯಾಕ್‌ನಲ್ಲಿ.

ಅದರಲ್ಲಿ ಎರಡು ಮಾತು ನಮಗೆ ಹಿಡಿಸಿತು. ಒಂದು, ಮಾರ್ಕೆಟ್ ಅನ್ನೋದನ್ನ ಅವರು ಒಬ್ಬ ಪಾಲುದಾರ ಮನುಷ್ಯನನ್ನಾಗಿ ಮಾಡಿದ್ದಾರೆ. ಇವನು ದಿನಾ ಬಂದು ನಿನ್ನ ಪಾಲು ಕೊಡ್ತೀಯಾ, ನನ್ನ ಪಾಲು ತಗೋತೀಯಾ ಅಂತ ಒಂದೊಂದು ಬೆಲೆ ಕೂಗ್ತಾನೆ. ಒಂದು ದಿನ ಖುಷಿ, ಒಂದು ದಿನ ಗಾಬರಿ. ಬೇಕಾದ್ರೆ ವ್ಯಾಪಾರ ಮಾಡು, ಬೇಡದಿದ್ರೆ ಸುಮ್ಮನಿರು, ನಾಳೆ ಮತ್ತೆ ಬರ್ತಾನೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ಬೆಲೆ ಕೇಳಿ, ಹಬ್ಬ ಮುಗಿದ ಮೇಲೆ ಮತ್ತೆ ಕೇಳಿ. ಹೂವು ಅದೇ.

ಇನ್ನೊಂದು, ಮಾರ್ಜಿನ್ ಆಫ್ ಸೇಫ್ಟಿ. ಒಂದು ವಸ್ತು ನೂರು ಬಾಳತ್ತೆ ಅಂತ ಲೆಕ್ಕ ಬಂದ್ರೆ ತೊಂಬತ್ತೈದಕ್ಕಲ್ಲ, ಅರವತ್ತಕ್ಕೋ ಅರವತ್ತೈದಕ್ಕೋ ಸಿಕ್ಕರೆ ಕೊಳ್ಳು, ಯಾಕಂದ್ರೆ ನಿನ್ನ ಲೆಕ್ಕವೇ ತಪ್ಪಿರಬಹುದು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಇದು ಹೊಸದಲ್ಲ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಬಿಟ್ಟು ತೊಲೆ ಡಿಸೈನ್ ಮಾಡಿದ್ರೆ ಮೇಡಂ ಸೊನ್ನೆ ಕೊಡ್ತಾರೆ. ಮೂರು ಸಲ ಮಾರ್ಜಿನ್ ಸಾಲದ ಪೆಟ್ಟು ನೋಡಿದ ಮನುಷ್ಯ ಅದೇ ಪದವನ್ನ ಎತ್ತಿಕೊಂಡು ಸುರಕ್ಷತೆಗೆ ಜೋಡಿಸಿದ್ದು ಬೇಕಂತಲೋ ಹೇಗೋ.

1945ರಲ್ಲಿ ಅವರು ಇನ್ನೊಂದು ವಾದ ಎತ್ತಿದರು. ಡಾಕ್ಟರಿಗೆ, ಲೆಕ್ಕಪರಿಶೋಧಕರಿಗೆ ಪರೀಕ್ಷೆ, ಅರ್ಹತಾಪತ್ರ ಇರೋ ಹಾಗೆ ಜನರ ಹೂಡಿಕೆ ವಿಶ್ಲೇಷಣೆ ಮಾಡೋರಿಗೂ ಇರಬೇಕು ಅಂತ. ಸಹೋದ್ಯೋಗಿಗಳಲ್ಲೇ ಅನೇಕರಿಗೆ ಹಿಡಿಸಲಿಲ್ಲ, ಅನುಭವಸ್ಥರಿಗೆ ಯಾಕೆ ಪರೀಕ್ಷೆ ಅನ್ನೋ ವಾದ. ಹದಿನೆಂಟು ವರ್ಷ ಕಳೆದು 1963ರಲ್ಲಿ ಮೊದಲ ಸಿಎಫ್ಎ ಪರೀಕ್ಷೆ ನಡೆಯಿತು. ಇವತ್ತು ನಮ್ಮ ಸೀನಿಯರ್ಸ್ ಬೆಂಗಳೂರಲ್ಲಿ ಕೂತು ಬರೆಯೋದು ಅದನ್ನೇ. ನಮ್ಮ ದೇಶದಲ್ಲಿ ದುಡ್ಡು ತಗೊಂಡು ಹೂಡಿಕೆ ಸಲಹೆ ಕೊಡಬೇಕಾದ್ರೆ 2013ರ ನಿಯಮಗಳ ಪ್ರಕಾರ ಸೆಬಿಯಲ್ಲಿ ನೋಂದಣಿ ಆಗಬೇಕು, ಎನ್ಐಎಸ್ಎಂ ಪರೀಕ್ಷೆ ಪಾಸಾಗಬೇಕು. ಸಲಹೆಗಾರನಿಗೆ ಫೀಸ್ ಕೊಡೋನು ಗಿರಾಕಿ ಮಾತ್ರ. ಫಂಡ್ ಮಾರೋ ಕಂಪನಿಯಿಂದ ಅದೇ ಗಿರಾಕಿಯ ಹೆಸರಲ್ಲಿ ಕಮಿಷನ್ ತಿನ್ನೋ ಹಾಗಿಲ್ಲ. ಈ ಉದ್ಯೋಗದ ಆಸೆ ಇರೋರು ಮೊದಲು ಕೇಳಿಕೊಳ್ಳಬೇಕಾದ್ದು ಪ್ಯಾಕೇಜ್ ಎಷ್ಟು ಅಂತಲ್ಲ, ನನ್ನ ಸಂಬಳ ಯಾರ ಜೇಬಿಂದ ಬರತ್ತೆ ಅಂತ, ಅನ್ನೋದು ನಮ್ಮ ಅಭಿಪ್ರಾಯ.

ಹತ್ತೊಂಬತ್ತರ ವಯಸ್ಸಲ್ಲಿ ಅವರ ಪುಸ್ತಕ ಓದಿದ ಹುಡುಗನೊಬ್ಬ 1950ರಲ್ಲಿ ಕೊಲಂಬಿಯಾಗೆ ಬಂದು ಸೇರಿದ. ವಾರೆನ್ ಬಫೆಟ್. ಗ್ರಹಾಂ ತರಗತಿಯಲ್ಲಿ ಎ ಪ್ಲಸ್ ತಗೊಂಡು, ಸಂಬಳ ಇಲ್ಲದೆ ಕೆಲಸ ಮಾಡ್ತೀನಿ ಅಂದರೂ ಗ್ರಹಾಂ ಬೇಡ ಅಂದರು. ದೊಡ್ಡ ಸಂಸ್ಥೆಗಳು ಯಹೂದಿ ಹುಡುಗರನ್ನ ಒಳಗೆ ಬಿಡ್ತಿರಲಿಲ್ಲ, ತಮ್ಮ ಸಂಸ್ಥೆಯಲ್ಲಿದ್ದ ಕೆಲವೇ ಜಾಗ ಅವರಿಗೆ ಉಳಿಸಬೇಕು ಅನ್ನೋದು ಕಾರಣ. 1954ರಲ್ಲಿ ಮನಸ್ಸು ಬದಲಿಸಿ ಕರೆದರು. ಎರಡು ವರ್ಷಕ್ಕೆ, 1956ರಲ್ಲಿ, ಇನ್ನು ಸಾಕು ಅಂತ ಸಂಸ್ಥೆಯನ್ನೇ ಮುಚ್ಚಿ ಗ್ರಹಾಂ ಕ್ಯಾಲಿಫೋರ್ನಿಯಾಗೆ ಹೋದರು. ಅಲ್ಲಿ ಪಾಠ ಮಾಡಿದರು. ಉರುಗ್ವೆಯ ಲೇಖಕ ಮಾರಿಯೋ ಬೆನೆಡೆಟ್ಟಿಯ ಕಾದಂಬರಿಯನ್ನ ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ತಂದರು. ಕೊನೆಗಾಲದಲ್ಲಿ, ಒಂದೊಂದು ಷೇರನ್ನೂ ಜಾಲಾಡಿ ಹುಡುಕೋ ತಮ್ಮ ವಿಧಾನ ಈಗ ಮೊದಲಿನಷ್ಟು ಫಲ ಕೊಡಲ್ಲ, ಎಲ್ಲರೂ ಅದನ್ನೇ ಮಾಡ್ತಿದ್ದಾರೆ, ಸರಳ ನಿಯಮ ಇಟ್ಟುಕೊಂಡು ಹಲವು ಷೇರು ಕೊಳ್ಳೋದೇ ವಾಸಿ ಅಂದುಬಿಟ್ಟರು. ತಾನೇ ಕಟ್ಟಿದ ಮನೆ ಬಗ್ಗೆ ಹಾಗೆ ಹೇಳೋಕೆ ಧೈರ್ಯ ಬೇಕು.

1973ರ ಆವೃತ್ತಿಯ ಕೊನೆಯಲ್ಲಿ ಇನ್ನೊಂದು ಸಂಗತಿಯನ್ನ, ತಮ್ಮ ಹೆಸರು ಹೇಳದೆ ಯಾರೋ ಇಬ್ಬರು ಪಾಲುದಾರರ ಕಥೆ ಅನ್ನೋ ಹಾಗೆ ಬರೆದಿದ್ದಾರೆ. 1948ರಲ್ಲಿ ಗ್ರಹಾಂ ಮತ್ತು ನ್ಯೂಮನ್ ಗೈಕೋ ಅನ್ನೋ ವಾಹನ ವಿಮೆ ಕಂಪನಿಯ ಅರ್ಧ ಭಾಗವನ್ನ ಸುಮಾರು ಏಳು ಲಕ್ಷ ಡಾಲರ್‌ಗೆ ಕೊಂಡಿದ್ದರು. ಒಂದೇ ಕಡೆ ಜಾಸ್ತಿ ಹಾಕಬೇಡಿ ಅಂತ ಬೋಧಿಸೋರು ತಮ್ಮ ಫಂಡ್‌ನ ಕಾಲುಭಾಗದ ಹತ್ತಿರ ಒಂದೇ ಕಡೆ ಹಾಕಿದ್ದರು. ವಿಮೆ ಕಂಪನಿಯಲ್ಲಿ ಫಂಡ್ ಇಷ್ಟು ಪಾಲು ಇಟ್ಟುಕೊಳ್ಳೋ ಹಾಗಿಲ್ಲ ಅಂತ ಸರ್ಕಾರ ಹೇಳಿದ್ದರಿಂದ ಆ ಷೇರುಗಳನ್ನ ತಮ್ಮ ಹೂಡಿಕೆದಾರರಿಗೇ ಹಂಚಬೇಕಾಯ್ತು. ಅದು ಇನ್ನೂರು ಪಟ್ಟು ಮೀರಿ ಬೆಳೆಯಿತು. ಇಪ್ಪತ್ತು ವರ್ಷ ನಿಯಮದ ಪ್ರಕಾರ ದುಡಿದು ಗಳಿಸಿದ್ದಕ್ಕಿಂತ ಈ ಒಂದರಿಂದ ಬಂದಿದ್ದೇ ಹೆಚ್ಚು ಅಂತ ಅವರೇ ಒಪ್ಪಿಕೊಂಡಿದ್ದಾರೆ.

1976ರಲ್ಲಿ ಆ ಗೈಕೋ ದಿವಾಳಿಯ ಅಂಚಿಗೆ ಬಂತು. ಒಂದು ಕಾಲಕ್ಕೆ 61 ಡಾಲರ್ ಇದ್ದ ಷೇರು ಎರಡು ಡಾಲರ್ ಆಸುಪಾಸಿಗೆ ಇಳಿದಾಗ, ಅದನ್ನ ಕೊಳ್ಳೋಕೆ ಶುರು ಮಾಡಿದವರಲ್ಲಿ ಬಫೆಟ್ ಒಬ್ಬರು. ಅದೇ ವರ್ಷ ಸೆಪ್ಟೆಂಬರ್ 21ರಂದು ಫ್ರಾನ್ಸ್‌ನ ಎಕ್ಸ್ ಆಂ ಪ್ರೊವಾನ್ಸ್ ಊರಿನ ಮನೆಯಲ್ಲಿ ಗ್ರಹಾಂ ತೀರಿಕೊಂಡರು. ಅವರಿಗೆ 82 ವರ್ಷ ಆಗಿತ್ತು.